ಮೋಟಾರು ರೇಸುಗಳಲ್ಲಿ ಇಷ್ಟೊಂದು ಬಗೆ ಏಕೆ?

ಪ್ರಶ್ನೆ: ಕೆಲವು ವರ್ಷಗಳಿಂದ ಟಿವಿಯಲ್ಲಿ ಫಾರ್ಮುಲಾ ಒನ್ ನೋಡುತ್ತಿದ್ದೇನೆ. ಈಚೆಗೆ ಲೆ ಮಾನ್ಸ್‌ನ 24 ಗಂಟೆಗಳ ರೇಸು, ವಿಶ್ವ ರ‍್ಯಾಲಿ, ಅಮೆರಿಕದ ಇಂಡಿಯಾನಾಪೊಲಿಸ್ ಮತ್ತು ನಾಸ್ಕಾರ್, ಮರಳುಗಾಡಿನ ಡಕಾರ್ ಮುಂತಾದ ಹೆಸರುಗಳೂ ಕಿವಿಗೆ ಬೀಳುತ್ತಿವೆ. ಇವೆಲ್ಲ ಒಂದೇ ಮೂಲದಿಂದ ಬಂದವೇ? ಇವುಗಳಲ್ಲಿ ನಿಜವಾಗಿ ದೊಡ್ಡದು ಯಾವುದು? ಫಾರ್ಮುಲಾ ಒನ್ ಬಿಟ್ಟು ಬೇರೆ ಕಡೆ ಭಾರತೀಯರು ಹೆಸರು ಮಾಡಿದ್ದಾರೆಯೇ?

ಉತ್ತರ: ನೀವು ಹೆಸರಿಸಿದ ರೇಸುಗಳ ಬೇರು ಹುಡುಕಿಕೊಂಡು ಹೋದರೆ ಬಹುಮಟ್ಟಿಗೆ ಫ್ರಾನ್ಸಿನ ಹೆದ್ದಾರಿಗಳಿಗೇ ಬಂದು ಮುಟ್ಟುತ್ತೇವೆ. 1894ರಿಂದ 1903ರವರೆಗೆ ಮೋಟಾರು ರೇಸು ಎಂದರೆ ಒಂದು ನಗರದಿಂದ ಇನ್ನೊಂದು ನಗರಕ್ಕೆ, ಜನ ಮತ್ತು ದನಗಳು ಓಡಾಡುವ ರಸ್ತೆಯಲ್ಲೇ ನಡೆಯುವ ಓಟವಾಗಿತ್ತು. ಆ ರಸ್ತೆ ಕೈತಪ್ಪಿದ ಮೇಲೆ ಈ ಕ್ರೀಡೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ನೆಲವನ್ನು ಹುಡುಕಿಕೊಳ್ಳಬೇಕಾಯಿತು. ಎಲ್ಲಿ ಎಂಥ ನೆಲ ಸಿಕ್ಕಿತೋ, ಆ ದೇಶದ ಕಾನೂನು ಎಷ್ಟಕ್ಕೆ ಒಪ್ಪಿತೋ, ಅದಕ್ಕೆ ತಕ್ಕ ರೇಸು ಅಲ್ಲಿ ಬೆಳೆಯಿತು. ಆ ರೇಸಿಗೆ ತಕ್ಕ ಕಾರೂ ಚಾಲಕನೂ ಆಮೇಲೆ ಬಂದರು. ಇಂದು ಕಾಣುವ ವೈವಿಧ್ಯವನ್ನು ಯಾರೂ ಕುಳಿತು ಯೋಜಿಸಿದ್ದಲ್ಲ. ಅದಕ್ಕೆ ಕಾರಣಗಳು ನೆಲ, ಕಾನೂನು, ಅಪಘಾತ ಮತ್ತು ಸ್ವಲ್ಪಮಟ್ಟಿಗೆ ಪತ್ರಿಕೆಗಳ ಪ್ರಸಾರದ ಪೈಪೋಟಿ.

ಕೊನೆಯ ಕಾರಣವನ್ನು ಬೇಕೆಂದೇ ಸೇರಿಸಿದ್ದೇನೆ, ಏಕೆಂದರೆ 1894ರ ಜುಲೈ 22ರಂದು ಪ್ಯಾರಿಸ್‌ನಿಂದ ರೂಆನ್‌ವರೆಗೆ ನಡೆದ ಮೊದಲ ಸ್ಪರ್ಧೆಯನ್ನು ಏರ್ಪಡಿಸಿದ್ದು ‘ಲ ಪ್ತೀ ಜುರ್ನಾಲ್’ ಎಂಬ ದಿನಪತ್ರಿಕೆ. ಅಲ್ಲಿ ಬಹುಮಾನಕ್ಕೆ ವೇಗವೇ ಮಾನದಂಡವಾಗಿರಲಿಲ್ಲ. ಗಾಡಿ ಅಪಾಯವಿಲ್ಲದ್ದೂ, ನಡೆಸಲು ಸುಲಭವಾದದ್ದೂ, ಕಡಿಮೆ ಖರ್ಚಿನದ್ದೂ ಆಗಿರಬೇಕಿತ್ತು. ಸುಮಾರು 126 ಕಿ.ಮೀ. ದಾರಿಯನ್ನು ಎಲ್ಲರಿಗಿಂತ ಮೊದಲು ಮುಗಿಸಿದ ಕೌಂಟ್ ದ ದಿಯೋನ್ ಅವರ ಹಬೆಯ ಗಾಡಿಗೆ ಕೆಂಡ ನೋಡಿಕೊಳ್ಳಲು ಇನ್ನೊಬ್ಬ ಆಳು ಬೇಕಾಗಿತ್ತೆಂಬ ಕಾರಣಕ್ಕೆ ಮೊದಲ ಬಹುಮಾನ ಸಿಗಲಿಲ್ಲ. ಅದು ಪೆಟ್ರೋಲಿನಿಂದ ಓಡುವ ಪನಾರ್ ಮತ್ತು ಪೂಜೋ ಕಂಪನಿಗಳಿಗೆ ಹಂಚಿಹೋಯಿತು. ಮರುವರ್ಷ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳುವ 1,178 ಕಿ.ಮೀ. ಓಟವನ್ನು ಎಮಿಲ್ ಲವಾಸೋರ್ 48 ಗಂಟೆ 48 ನಿಮಿಷಗಳಲ್ಲಿ ಮುಗಿಸಿದರು. ಬೇರೆಯವರಿಗಿಂತ ಗಂಟೆಗಟ್ಟಲೆ ಮುಂಚೆ ತಲುಪಿದ್ದರೂ ಅವರ ಕಾರಿನಲ್ಲಿ ಎರಡೇ ಆಸನಗಳಿದ್ದುದರಿಂದ ಮೊದಲ ಬಹುಮಾನ ನಾಲ್ಕು ಆಸನದ ಪೂಜೋ ಕಾರಿಗೆ ಹೋಯಿತು. ಮೊದಲು ಬಂದವನು ನಿಯಮದ ಒಂದು ಸಾಲಿನಿಂದ ಸೋಲುವುದು ಈ ಕ್ರೀಡೆಯಲ್ಲಿ ಹುಟ್ಟಿನಿಂದಲೇ ಇದೆ. ಇಂದಿನ ಫಾರ್ಮುಲಾ ಒನ್‌ನಲ್ಲಿ ರೇಸು ಮುಗಿದು ಕೆಲವು ಗಂಟೆಗಳಾದ ಮೇಲೆ ಫಲಿತಾಂಶ ಬದಲಾದಾಗ ಸಿಟ್ಟಾಗುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಹೆದ್ದಾರಿಯ ಓಟ ಕೊನೆಗೊಂಡದ್ದು 1903ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಹೊರಟ ರೇಸಿನಲ್ಲಿ. ಅಷ್ಟರಲ್ಲಿ ಕಾರುಗಳು ಗಂಟೆಗೆ 140 ಕಿ.ಮೀ. ವೇಗವನ್ನು ಮುಟ್ಟುತ್ತಿದ್ದವು, ರಸ್ತೆ ಮಾತ್ರ ಎತ್ತಿನ ಗಾಡಿಯ ಕಾಲದ ಮಣ್ಣಿನದ್ದೇ ಆಗಿತ್ತು. ಒಂದರ ಹಿಂದೆ ಒಂದು ಬಿಟ್ಟ ಕಾರುಗಳು ಎಬ್ಬಿಸಿದ ಧೂಳಿನಲ್ಲಿ ಹಿಂದಿನ ಚಾಲಕನಿಗೆ ದಾರಿ ಕಾಣುತ್ತಿರಲಿಲ್ಲ, ನೋಡಲು ಬಂದ ಜನಸಾಗರ ರಸ್ತೆಯ ನಡುವಿನಿಂದ ಕೊನೆಯ ಗಳಿಗೆಯಲ್ಲಷ್ಟೇ ಸರಿಯುತ್ತಿತ್ತು. ರನೋ ಕಂಪನಿಯ ಸಂಸ್ಥಾಪಕ ಸಹೋದರರಲ್ಲಿ ಒಬ್ಬರಾದ ಮಾರ್ಸೆಲ್ ರನೋ ಸೇರಿದಂತೆ ಚಾಲಕರೂ ಮೆಕ್ಯಾನಿಕ್‌ಗಳೂ ಪ್ರೇಕ್ಷಕರೂ ಸತ್ತರು. ಸರ್ಕಾರ ಬೋರ್ಡೋದಲ್ಲೇ ರೇಸನ್ನು ನಿಲ್ಲಿಸಿತು. ಅಲ್ಲಿಯವರೆಗಿನ ದಾರಿಯನ್ನು ಗಂಟೆಗೆ ಸರಾಸರಿ 105 ಕಿ.ಮೀ. ವೇಗದಲ್ಲಿ ಮುಗಿಸಿದ್ದ ಫೆರ್ನಾಂಡ್ ಗಾಬ್ರಿಯೆಲ್ ಅವರನ್ನು ವಿಜೇತರೆಂದು ಪರಿಗಣಿಸಲಾಯಿತು. ಮುಂದೆ ಬಂದ ಎಲ್ಲ ಬಗೆಯ ರೇಸುಗಳೂ ಒಂದು ರೀತಿಯಲ್ಲಿ ಆ ಬೋರ್ಡೋದಿಂದಲೇ ಕವಲೊಡೆದವು ಎನ್ನಬಹುದು.

ಮೊದಲ ಕವಲು ರಸ್ತೆಯನ್ನೇ ಮುಚ್ಚಿ ಸುತ್ತು ಹಾಕುವ ಓಟ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಒಡೆಯ ಜೇಮ್ಸ್ ಗೋರ್ಡನ್ ಬೆನೆಟ್ 1900ರಲ್ಲಿ ದೇಶ ದೇಶಗಳ ನಡುವಿನ ಸ್ಪರ್ಧೆಗೆಂದು ಒಂದು ಕಪ್ ಇಟ್ಟಿದ್ದರು. ಒಂದು ದೇಶಕ್ಕೆ ಮೂರೇ ಕಾರು, ಅದರ ಎಲ್ಲ ಭಾಗಗಳೂ ಆ ದೇಶದಲ್ಲೇ ತಯಾರಾಗಿರಬೇಕು ಎಂಬುದು ಅದರ ಕಟ್ಟಳೆ. ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಜರ್ಮನಿಗೆ ಬಿಳಿ ಎಂದು ದೇಶಕ್ಕೊಂದು ಬಣ್ಣ ಅಂಟಿಕೊಂಡದ್ದು ಈ ಕಪ್ಪಿನ ಕಾಲದಲ್ಲಿ. ಫ್ರಾನ್ಸಿನಲ್ಲಿ ಆಗ ಕಾರು ಕಂಪನಿಗಳು ಬೇಕಾದಷ್ಟಿದ್ದವು. ಮೂರೇ ಕಾರು ಎಂಬ ಮಿತಿ ಅವರಿಗೆ ಸರಿಬರಲಿಲ್ಲ. ಹಾಗಾಗಿ ಫ್ರೆಂಚ್ ಆಟೊಮೊಬೈಲ್ ಕ್ಲಬ್ ಈ ಕಪ್ಪನ್ನು ಕೈಬಿಟ್ಟು, ದೇಶದ ಲೆಕ್ಕವಿಲ್ಲದೆ ಕಂಪನಿಗಳೇ ಸ್ಪರ್ಧಿಸುವ ತನ್ನದೇ ಗ್ರಾನ್ ಪ್ರೀಯನ್ನು 1906ರ ಜೂನ್‌ನಲ್ಲಿ ಲೆ ಮಾನ್ಸ್ ಊರಿನ ಹೊರಗೆ ನಡೆಸಿತು. ಸುತ್ತು ಒಂದಕ್ಕೆ 103 ಕಿ.ಮೀ., ದಿನಕ್ಕೆ ಆರು ಸುತ್ತಿನಂತೆ ಎರಡು ದಿನ. ಗೆದ್ದ ಫೆರೆಂಕ್ ಸಿಸ್ ಹಂಗೆರಿಯಲ್ಲಿ ಹುಟ್ಟಿ ರನೋ ಕಂಪನಿಯಲ್ಲಿ ದುಡಿಯುತ್ತಿದ್ದವರು. ಅವರ ಕಾರಿನ ಹಿಂಚಕ್ರಗಳಿಗೆ ಮಿಶೆಲಿನ್ ಕಂಪನಿಯ ಬಿಚ್ಚಿ ಹಾಕಬಹುದಾದ ರಿಮ್‌ಗಳಿದ್ದವು. ಬೇರೆಯವರು ಪಂಕ್ಚರಾದ ಟೈರನ್ನು ಚಾಕುವಿನಿಂದ ಕೊಯ್ದು ತೆಗೆದು ಹೊಸದನ್ನು ಎಳೆದು ಕೂರಿಸುವಷ್ಟರಲ್ಲಿ ಅವರು ಗಾಳಿ ತುಂಬಿದ ಚಕ್ರ ಬಿಗಿದುಕೊಂಡು ಹೊರಟಿರುತ್ತಿದ್ದರು. ಇಂದು ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುವ ಪಿಟ್ ಸ್ಟಾಪ್ ನೋಡಿ ಬೆರಗಾಗುವ ನಾವು, ರೇಸಿನ ಗೆಲುವು ಟೈರು ಬದಲಿಸುವುದರಲ್ಲೇ ಇದೆ ಎಂಬುದು ಮೊದಲ ಗ್ರಾನ್ ಪ್ರೀಯಲ್ಲೇ ಸಾಬೀತಾಗಿತ್ತೆಂಬುದನ್ನು ಮರೆಯುತ್ತೇವೆ.

ಬ್ರಿಟನ್ನಿನಲ್ಲಿ ಈ ದಾರಿಯೂ ಇರಲಿಲ್ಲ. ಅಲ್ಲಿ ರಸ್ತೆಯ ವೇಗಮಿತಿ ಗಂಟೆಗೆ 32 ಕಿ.ಮೀ.; ರೇಸಿಗೆಂದು ಸಾರ್ವಜನಿಕ ರಸ್ತೆಯನ್ನು ಮುಚ್ಚಲು ಸಂಸತ್ತು ಒಪ್ಪುತ್ತಿರಲಿಲ್ಲ. ಅದಕ್ಕೆ ಎರಡು ಪರಿಹಾರ ಹುಟ್ಟಿದವು. ಒಂದು, ಶ್ರೀಮಂತ ಜಮೀನುದಾರ ಹ್ಯೂ ಲಾಕ್ ಕಿಂಗ್ ತಮ್ಮ ಸ್ವಂತ ನೆಲದಲ್ಲಿ 1907ರಲ್ಲಿ ಕಟ್ಟಿಸಿದ ಬ್ರೂಕ್‌ಲ್ಯಾಂಡ್ಸ್ ಎಂಬ ಕಾಂಕ್ರೀಟಿನ ಟ್ರ್ಯಾಕ್. ರೇಸಿಗೆಂದೇ ಕಟ್ಟಿದ ಮೊದಲ ಮೋಟಾರು ಟ್ರ್ಯಾಕ್ ಅದು; ಮಾದರಿ ಬೇರೆ ಇಲ್ಲದ ಕಾರಣ ಕುದುರೆ ರೇಸಿನ ಪದ್ಧತಿಯನ್ನೇ ಎರವಲು ತಂದು, ಮೊದಮೊದಲು ಚಾಲಕರು ಜಾಕಿಗಳಂತೆ ಬಣ್ಣದ ಅಂಗಿ ತೊಟ್ಟು ಕೂರುತ್ತಿದ್ದರು. ಇನ್ನೊಂದು ಪರಿಹಾರ, ತನ್ನದೇ ಶಾಸನಸಭೆಯುಳ್ಳ ಐಲ್ ಆಫ್ ಮ್ಯಾನ್ ದ್ವೀಪ. ಅಲ್ಲಿಯ ಸಭೆ ರಸ್ತೆ ಮುಚ್ಚಲು ಒಪ್ಪಿದ್ದರಿಂದ 1905ರಲ್ಲಿ ಕಾರುಗಳ, 1907ರಲ್ಲಿ ಮೋಟಾರು ಸೈಕಲ್ಲುಗಳ ಟೂರಿಸ್ಟ್ ಟ್ರೋಫಿ ಶುರುವಾದವು. 60 ಕಿ.ಮೀ.ಗಿಂತ ಉದ್ದದ ಅದರ ಬೆಟ್ಟದ ಸುತ್ತು ಮನೆಗಳ ಗೋಡೆ, ದೂರವಾಣಿ ಕಂಬಗಳ ನಡುವೆ ಹಾದುಹೋಗುತ್ತದೆ. 1949ರಲ್ಲಿ ಮೋಟಾರು ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದಾಗ ಅದೂ ಒಂದು ಸುತ್ತಾಗಿತ್ತು. ಸಾವುಗಳ ಕಾರಣಕ್ಕೆ ಪ್ರಮುಖ ಸವಾರರು ದೂರ ಸರಿದು, 1976ರ ನಂತರ ಪಟ್ಟಿಯಿಂದ ಹೊರಬಿತ್ತು. ಆದರೂ ಇಂದಿಗೂ ನಡೆಯುತ್ತಿದೆ. ಅದನ್ನು ನಿಲ್ಲಿಸಬೇಕೆಂಬವರ ವಾದ ನನಗೆ ಅರ್ಥವಾಗುತ್ತದೆ, ಅಲ್ಲಗಳೆಯಲು ನನ್ನಲ್ಲಿ ಉತ್ತರವಿಲ್ಲ.

ಅಮೆರಿಕದ ಹಾದಿ ಬೇರೆಯದು. ಅಲ್ಲಿ ಊರೂರಿನ ಜಾತ್ರೆಯ ಬಯಲುಗಳಲ್ಲಿ ಕುದುರೆಗಳಿಗೆಂದು ಮಾಡಿದ ಅಂಡಾಕಾರದ ಮಣ್ಣಿನ ಟ್ರ್ಯಾಕ್‌ಗಳು ಮೊದಲೇ ಇದ್ದವು. ಟಿಕೆಟ್ ಕೊಂಡವನಿಗೆ ಕುಳಿತಲ್ಲಿಂದಲೇ ಇಡೀ ಓಟ ಕಾಣುತ್ತಿತ್ತು. 1909ರಲ್ಲಿ ತೆರೆದ ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಅದೇ ಆಕಾರದ ದೊಡ್ಡ ರೂಪ. ಜಲ್ಲಿ ಮತ್ತು ಟಾರಿನ ಅದರ ಮೊದಲ ಮೇಲ್ಮೈ ಒಡೆದು ಸಾವುಗಳಾದ ಮೇಲೆ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದರು. ಇಂದಿಗೂ ಮುಕ್ತಾಯದ ಗೆರೆಯ ಬಳಿ ಒಂದು ಗಜದಷ್ಟು ಇಟ್ಟಿಗೆಯನ್ನು ಉಳಿಸಿಕೊಂಡಿದ್ದಾರೆ. 1911ರಲ್ಲಿ ನಡೆದ ಮೊದಲ 500 ಮೈಲಿಯ, ಅಂದರೆ ಸುಮಾರು 805 ಕಿ.ಮೀ.ಗಳ ರೇಸನ್ನು ರೇ ಹ್ಯಾರೋನ್ ಗೆದ್ದರು. ಹಿಂದಿನಿಂದ ಬರುವವರನ್ನು ನೋಡಿ ಹೇಳಲು ಪಕ್ಕದಲ್ಲಿ ಮೆಕ್ಯಾನಿಕ್ ಕೂರುವುದು ಅಂದಿನ ರೂಢಿ. ಅವರು ಆಳನ್ನು ಬಿಟ್ಟು ಒಂದು ಕನ್ನಡಿ ಕಟ್ಟಿಕೊಂಡು ಬಂದರು. ದಕ್ಷಿಣದ ರಾಜ್ಯಗಳಲ್ಲಿ ಬೇರೊಂದು ಪರಂಪರೆ ಬೆಳೆಯಿತು. ಪಾನನಿಷೇಧದ ಕಾಲದಲ್ಲಿ ಕಳ್ಳಭಟ್ಟಿ ಸಾಗಿಸಲು ಎಂಜಿನ್ ಬಲಪಡಿಸಿದ ಸಾಮಾನ್ಯ ಕಾರುಗಳನ್ನು ಓಡಿಸಿ ಪಳಗಿದವರಲ್ಲಿ ಕೆಲವರು ರೇಸಿಗೂ ಇಳಿದರು. ಡೇಟೋನಾ ಕಡಲತೀರದ ಗಟ್ಟಿ ಮರಳಿನ ಮೇಲೆ ಓಟಗಳು ನಡೆಯುತ್ತಿದ್ದವು. ಇವನ್ನೆಲ್ಲ ಒಂದು ಕಟ್ಟಳೆಗೆ ತಂದು ಬಿಲ್ ಫ್ರಾನ್ಸ್ 1948ರಲ್ಲಿ ನಾಸ್ಕಾರ್ ಸಂಸ್ಥೆಯನ್ನು ನೆಲೆಗೊಳಿಸಿದರು. 1959ರಲ್ಲಿ ಕಡಲತೀರ ಬಿಟ್ಟು ಡೇಟೋನಾದ ಹೊಸ ಟ್ರ್ಯಾಕ್‌ಗೆ ಬಂದ ಮೊದಲ ವರ್ಷವೇ ಗೆರೆಯಲ್ಲಿ ಎಷ್ಟು ಹತ್ತಿರದ ಫಲಿತಾಂಶ ಬಂತೆಂದರೆ, ಚಿತ್ರಗಳನ್ನು ಪರೀಕ್ಷಿಸಿ ಲೀ ಪೆಟ್ಟಿ ಗೆದ್ದರೆಂದು ಸಾರಲು ಮೂರು ದಿನ ಹಿಡಿಯಿತು.

ಅಂಡಾಕಾರದ ಟ್ರ್ಯಾಕ್‌ನಲ್ಲಿ ಎಡಕ್ಕೆ ತಿರುಗುವುದಷ್ಟೇ ಕೆಲಸ ಎಂದು ಫಾರ್ಮುಲಾ ಒನ್ ಅಭಿಮಾನಿಗಳು ಹಗುರವಾಗಿ ಆಡುವುದುಂಟು. ಇಂಡಿಯಾನಾಪೊಲಿಸ್‌ನಲ್ಲಿ 1996ರಲ್ಲಿ ಅರ್ಹತೆಯ ನಾಲ್ಕು ಸುತ್ತನ್ನು ಆರಿ ಲೈಂಡೈಕ್ ಗಂಟೆಗೆ ಸರಾಸರಿ 381 ಕಿ.ಮೀ. ವೇಗದಲ್ಲಿ ಮುಗಿಸಿದ್ದರು. ಆ ವೇಗದಲ್ಲಿ ಅಕ್ಕಪಕ್ಕ ಅಂಗುಲಗಳ ಅಂತರದಲ್ಲಿ ಬೇರೆ ಕಾರುಗಳಿರುವಾಗ, ಮುಂದಿನ ಕಾರು ಕದಡಿದ ಗಾಳಿಯಲ್ಲಿ ತನ್ನ ಕಾರು ಹೇಗೆ ನಡೆದುಕೊಳ್ಳುತ್ತದೆಂದು ತಿರುವಿಗೆ ಮುಂಚೆಯೇ ಊಹಿಸಬೇಕು. ತಪ್ಪಿದರೆ ಎದುರಿಗಿರುವುದು ಗೋಡೆ. ಇದು ಸುಲಭದ ಕೆಲಸವಲ್ಲ.

ಈಗ ನಿಮಗೆ ಪರಿಚಿತವಾದ ಫಾರ್ಮುಲಾ ಒನ್‌ಗೆ ಬರೋಣ. ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿ ಅಳಿದುಳಿದ ಕಾರುಗಳಿಗೆ ಹೊಂದುವಂತೆ ಎಂಜಿನ್ನಿನ ಗಾತ್ರದ ನಿಯಮ ಮಾಡಿದರು: ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ 1.5 ಲೀಟರ್, ಇಲ್ಲದಿದ್ದರೆ 4.5 ಲೀಟರ್. 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಯುದ್ಧಕಾಲದ ವಿಮಾನ ನಿಲ್ದಾಣದ ಸುತ್ತು ದಾರಿಯಲ್ಲಿ, ಚಾಲಕರ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. ಗೆದ್ದದ್ದು ಯುದ್ಧಕ್ಕೆ ಮುಂಚೆ ವಿನ್ಯಾಸಗೊಂಡಿದ್ದ ಆಲ್ಫಾ ರೋಮಿಯೋ ಕಾರಿನಲ್ಲಿ ನೀನೋ ಫರೀನಾ. ಯೂರೋಪಿನ ಆರು ರೇಸುಗಳಷ್ಟೇ ಇದ್ದರೆ ‘ವಿಶ್ವ’ ಎನ್ನುವುದು ಹೇಗೆ ಎಂಬ ಮುಜುಗರಕ್ಕೋ ಏನೋ, ಬೇರೆಯದೇ ನಿಯಮದ ಇಂಡಿಯಾನಾಪೊಲಿಸ್ 500 ರೇಸನ್ನೂ ಪಟ್ಟಿಗೆ ಸೇರಿಸಿ 1960ರವರೆಗೆ ಉಳಿಸಿಕೊಂಡರು. ಅತ್ತಿಂದ ಇತ್ತ, ಇತ್ತಿಂದ ಅತ್ತ ಹೋಗಿ ಸ್ಪರ್ಧಿಸಿದವರು ವಿರಳ. ನಿಜವಾದ ಕೊಡುಕೊಳ್ಳುವಿಕೆ ಆದದ್ದು ಆಮೇಲೆ: ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಪುಟ್ಟ ಕೂಪರ್ ಕಾರುಗಳಲ್ಲಿ ಜ್ಯಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ವಿಶ್ವ ಚಾಂಪಿಯನ್ ಆದರು, 1965ರಲ್ಲಿ ಜಿಮ್ ಕ್ಲಾರ್ಕ್ ಅದೇ ವಿನ್ಯಾಸದ ಲೋಟಸ್ ಕಾರಿನಲ್ಲಿ ಇಂಡಿಯಾನಾಪೊಲಿಸ್ ಗೆದ್ದ ಮೇಲೆ ಎಂಜಿನ್ ಮುಂದಿದ್ದ ಅಮೆರಿಕದ ದೊಡ್ಡ ಕಾರುಗಳ ಕಾಲ ಮುಗಿಯಿತು.

ಫಾರ್ಮುಲಾ ಒನ್ ಪರೀಕ್ಷಿಸುವುದು ಚಾಲಕನನ್ನು ಎಂದು ಹೇಳಿದರೆ ಅದು ಅರ್ಧ ಸತ್ಯವಷ್ಟೇ. ಅಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ವಿನ್ಯಾಸ ಮಾಡಬೇಕು. ಹಾಗಾಗಿ ಅದು ನಿಯಮ ಬರೆಯುವವನಿಗೂ ನಿಯಮದ ಸಂದುಗಳನ್ನು ಹುಡುಕುವ ಎಂಜಿನಿಯರಿಗೂ ನಡುವೆ ಮುಗಿಯದೆ ನಡೆಯುತ್ತಿರುವ ಆಟ. 1978ರಲ್ಲಿ ಬ್ರಾಭಮ್ ತಂಡ ಕಾರಿನ ಹಿಂದೆ ದೊಡ್ಡ ಫ್ಯಾನ್ ಕೂರಿಸಿ, ಅದು ಎಂಜಿನ್ ತಣಿಸಲಿಕ್ಕೆ ಎಂದಿತು. ನಿಜವಾದ ಉಪಯೋಗ ಕಾರಿನ ಅಡಿಯ ಗಾಳಿಯನ್ನು ಎಳೆದು ಅದನ್ನು ನೆಲಕ್ಕೆ ಅಂಟಿಸುವುದಾಗಿತ್ತು. ಸ್ವೀಡನ್‌ನಲ್ಲಿ ಒಂದೇ ರೇಸು ಓಡಿತು, ಗೆದ್ದಿತು, ಮತ್ತೆ ಇಳಿಯಲಿಲ್ಲ. ಅದೇ ವರ್ಷ ಲೋಟಸ್ ತಂಡ ಫ್ಯಾನ್ ಇಲ್ಲದೆ, ಕಾರಿನ ತಳದ ಆಕಾರದಿಂದಲೇ ಅಂಥ ಹಿಡಿತ ಪಡೆದು ಚಾಂಪಿಯನ್ ಆಯಿತು; 1983ರಲ್ಲಿ ತಳ ಸಮತಟ್ಟಾಗಿರಬೇಕೆಂಬ ನಿಯಮ ಬಂತು; ಸುಮಾರು ನಾಲ್ಕು ದಶಕಗಳ ನಂತರ, 2022ರಲ್ಲಿ, ಹಿಂದಿನ ಕಾರು ಮುಂದಿನದನ್ನು ಹತ್ತಿರದಿಂದ ಹಿಂಬಾಲಿಸಲು ಸಾಧ್ಯವಾಗಲೆಂದು ಅದೇ ತತ್ತ್ವವನ್ನು ನಿಯಮವೇ ಮರಳಿ ತಂದಿತು. 2014ರಿಂದ ಎಂಜಿನ್ ಹೈಬ್ರಿಡ್ ಆಗಿದೆ, 2021ರಿಂದ ತಂಡದ ವಾರ್ಷಿಕ ಖರ್ಚಿಗೂ ಮಿತಿ ಇದೆ. ಸುರಕ್ಷತೆಯ ನಿಯಮಗಳು ಬಹುಪಾಲು ಸಾವಿನ ಹಿಂದೆಯೇ ಬಂದಿವೆ. 1994ರಲ್ಲಿ ಇಮೋಲಾದಲ್ಲಿ ಒಂದೇ ವಾರಾಂತ್ಯ ರೋಲಾಂಡ್ ರಾಟ್ಸೆನ್‌ಬರ್ಗರ್ ಮತ್ತು ಐರ್ಟನ್ ಸೆನ್ನಾ ತೀರಿಕೊಂಡ ಮೇಲೆ ಕಾರು, ಟ್ರ್ಯಾಕ್ ಎರಡೂ ಬದಲಾದವು. 2018ರಲ್ಲಿ ಚಾಲಕನ ತಲೆಯ ಸುತ್ತ ಹಾಲೋ ಎಂಬ ಟೈಟಾನಿಯಂ ಚೌಕಟ್ಟು ಕಡ್ಡಾಯವಾದಾಗ ಕಾರಿನ ಅಂದ ಕೆಟ್ಟಿತೆಂದು ಗೊಣಗಿದವರು ಬಹಳ. 2020ರಲ್ಲಿ ಬಹರೇನ್‌ನಲ್ಲಿ ರೋಮನ್ ಗ್ರೋಜಾನ್ ಅವರ ಕಾರು ತಡೆಗೋಡೆಯನ್ನು ಸೀಳಿಕೊಂಡು ಎರಡು ತುಂಡಾಗಿ ಹೊತ್ತಿ ಉರಿದರೂ ಅವರು ಎದ್ದು ಹೊರಬಂದ ಮೇಲೆ ಆ ಗೊಣಗಾಟ ನಿಂತಿತು.

ಲೆ ಮಾನ್ಸ್ ಕೇಳುವ ಪ್ರಶ್ನೆ ಬೇರೆ. ಮೊದಲ ಗ್ರಾನ್ ಪ್ರೀ ನಡೆದ ಊರಿನಲ್ಲೇ 1923ರ ಮೇ ತಿಂಗಳಲ್ಲಿ ಆರಂಭವಾದ 24 ಗಂಟೆಗಳ ರೇಸಿನ ಉದ್ದೇಶ, ಜನ ಕೊಳ್ಳುವ ಕಾರುಗಳ ದೀಪ, ಬ್ರೇಕು, ಬಾಳಿಕೆಗಳನ್ನು ಹಗಲೂ ಇರುಳೂ ಓಡಿಸಿ ಪರೀಕ್ಷಿಸುವುದು. ಆ ವರ್ಷ ಒಬ್ಬ ವಿಜೇತನನ್ನು ಸಾರುವ ಏರ್ಪಾಡೇ ಇರಲಿಲ್ಲ, ಮೂರು ವರ್ಷಗಳ ಕಪ್ಪಿಗೆ ಅದು ಮೊದಲ ಕಂತು ಮಾತ್ರ; 2,209 ಕಿ.ಮೀ. ಓಡಿದ ಲಗಾಶ್ ಮತ್ತು ಲೆಯೋನಾರ್ ಜೋಡಿಯನ್ನು ಮೊದಲ ವಿಜೇತರೆಂದು ಚರಿತ್ರೆ ಆಮೇಲೆ ಬರೆದುಕೊಂಡಿತು. 2010ರಲ್ಲಿ ಗೆದ್ದ ಆಡಿ ಕಾರು ಅಷ್ಟೇ ಹೊತ್ತಿನಲ್ಲಿ 5,410 ಕಿ.ಮೀ. ಓಡಿತು. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದದ್ದು, 1991ರಲ್ಲಿ ಮಾಜ್ಡಾ ಪಿಸ್ಟನ್ನೇ ಇಲ್ಲದ ರೋಟರಿ ಎಂಜಿನ್ನಿನಿಂದ ಗೆದ್ದದ್ದು, 2006ರಲ್ಲಿ ಆಡಿ ಡೀಸೆಲ್‌ನಿಂದ, 2012ರಲ್ಲಿ ಹೈಬ್ರಿಡ್‌ನಿಂದ ಗೆದ್ದದ್ದು ಇವನ್ನೆಲ್ಲ ನೋಡಿದರೆ, ರಸ್ತೆಯ ಕಾರಿಗೆ ರೇಸಿನಿಂದ ಲಾಭವಾಗುತ್ತದೆಂಬ ಮಾತು ಇಲ್ಲಿ ಸಲ್ಲುವಷ್ಟು ಫಾರ್ಮುಲಾ ಒನ್‌ಗೆ ಸಲ್ಲುವುದಿಲ್ಲವೆಂದು ನನ್ನ ಎಣಿಕೆ. ಇದೇ ಟ್ರ್ಯಾಕ್‌ನಲ್ಲಿ 1955ರಲ್ಲಿ ಪಿಯೆರ್ ಲವೆ ಅವರ ಮರ್ಸಿಡಿಸ್ ಕಾರು ಪ್ರೇಕ್ಷಕರ ನಡುವೆ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಟ್ರ್ಯಾಕ್ ರೇಸನ್ನೇ ನಿಷೇಧಿಸಿತು. ಎರಡು ವರ್ಷಗಳ ನಂತರ ಇಟಲಿಯ ಸಾವಿರ ಮೈಲಿಯ ರಸ್ತೆ ರೇಸು ಮಿಲ್ಲೆ ಮಿಲ್ಯಾದಲ್ಲಿ ಚಾಲಕ ಅಲ್ಫೊನ್ಸೊ ದ ಪೋರ್ತಾಗೊ, ಅವರ ಜೊತೆಗಾರ ಮತ್ತು ಒಂಬತ್ತು ಪ್ರೇಕ್ಷಕರು ಸತ್ತಾಗ, 1903ರಲ್ಲಿ ಫ್ರಾನ್ಸ್ ಕಲಿತದ್ದನ್ನು ಇಟಲಿ ಕಲಿತು ಆ ರೇಸನ್ನು ಮುಗಿಸಿತು.

ಹಾಗಾದರೆ ಊರಿನಿಂದ ಊರಿಗೆ ಓಡುವ ಹಳೆಯ ಓಟ ಪೂರ್ತಿ ಅಳಿಯಿತೇ? ಇಲ್ಲ, ಅದು ರ‍್ಯಾಲಿಯಾಗಿ ಉಳಿಯಿತು. 1911ರಲ್ಲಿ ಶುರುವಾದ ಮಾಂಟೆ ಕಾರ್ಲೊ ರ‍್ಯಾಲಿಗೆ ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟು ಚಳಿಗಾಲದ ನಡುವೆ ಕಡಲತೀರ ಸೇರಬೇಕಿತ್ತು. ಇಂದಿನ ರ‍್ಯಾಲಿಯಲ್ಲಿ ದಾರಿ ಎರಡು ಬಗೆ: ಮುಚ್ಚಿದ ಕಾಡು, ಬೆಟ್ಟ, ಜಲ್ಲಿ ರಸ್ತೆಗಳಲ್ಲಿ ಒಂದೊಂದೇ ಕಾರನ್ನು ಬಿಟ್ಟು ಸೆಕೆಂಡಿನ ಭಾಗದವರೆಗೆ ಅಳೆಯುವ ಸ್ಪೆಷಲ್ ಸ್ಟೇಜ್, ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ಸಾಮಾನ್ಯ ರಸ್ತೆ. ಈ ಎರಡನೆಯದರಲ್ಲಿ ವಿಶ್ವ ಚಾಂಪಿಯನ್ನನೂ ನಂಬರ್ ಪ್ಲೇಟ್ ಹಾಕಿಕೊಂಡು ಸಿಗ್ನಲ್ಲಿಗೆ ನಿಲ್ಲಬೇಕು. ವೇಗಮಿತಿ ಮೀರಿದರೆ ದಂಡ ಕಟ್ಟಬೇಕು. ಚಾಲಕನಷ್ಟೇ ಮುಖ್ಯ ಪಕ್ಕದ ಸಹಚಾಲಕ. ಮೊದಲೇ ದಾರಿ ನೋಡಿ ಬರೆದುಕೊಂಡ ಪೇಸ್ ನೋಟ್ಸ್‌ನಿಂದ ಮುಂದಿನ ತಿರುವನ್ನು ಅವನು ಓದಿ ಹೇಳುತ್ತಾನೆ, ಚಾಲಕ ಕಾಣದ ತಿರುವಿಗೆ ಕಿವಿಯಿಂದ ಕಾರು ತಿರುಗಿಸುತ್ತಾನೆ. ವಿಶ್ವ ಚಾಂಪಿಯನ್‌ಷಿಪ್ 1973ರಲ್ಲಿ ಕಂಪನಿಗಳಿಗೆ, 1979ರಲ್ಲಿ ಚಾಲಕರಿಗೆ ಆರಂಭವಾಯಿತು. ಆಡಿ ಕ್ವಾಟ್ರೊ ಬಂದ ಮೇಲೆ ನಾಲ್ಕೂ ಚಕ್ರಗಳಿಗೆ ಬಲ ಹಂಚದ ಕಾರಿಗೆ ಮಣ್ಣಿನ ಮೇಲೆ ಉಳಿಗಾಲವಿಲ್ಲದಾಯಿತು. ಗ್ರೂಪ್ ಬಿ ಎಂಬ ಸಡಿಲ ನಿಯಮದ ಭಾರೀ ಶಕ್ತಿಯ ಕಾರುಗಳು 1986ರಲ್ಲಿ ಪೋರ್ಚುಗಲ್‌ನಲ್ಲಿ ಪ್ರೇಕ್ಷಕರನ್ನೂ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ಟೊ ಅವರನ್ನೂ ಬಲಿತೆಗೆದುಕೊಂಡು, ಆ ವರ್ಷಾಂತ್ಯಕ್ಕೆ ನಿಷೇಧಗೊಂಡವು. ಯೂಟ್ಯೂಬಿನಲ್ಲಿ ಇಂದು ಲಕ್ಷಾಂತರ ಜನ ಆಸೆಗಣ್ಣಿನಿಂದ ನೋಡುವುದು ಅವನ್ನೇ. ಡಕಾರ್ ಇದರ ಇನ್ನೂ ದೂರದ ಕವಲು: ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿ ಬದುಕಿ ಬಂದ ಥಿಯರಿ ಸಬೀನ್ 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್ ದೇಶದ ಡಕಾರ್‌ಗೆ ಹೊರಡಿಸಿದ್ದು. ಭಯೋತ್ಪಾದನೆಯ ಬೆದರಿಕೆಯಿಂದ 2008ರಲ್ಲಿ ರದ್ದಾಗಿ, ದಕ್ಷಿಣ ಅಮೆರಿಕಕ್ಕೆ ಹೋಗಿ, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಹಳೆಯದು.

ಯಾವುದು ದೊಡ್ಡದು ಎಂಬುದಕ್ಕೆ ಆಡಳಿತದ ಉತ್ತರವೊಂದಿದೆ. ಪ್ಯಾರಿಸ್‌ನಲ್ಲಿ ನೆಲೆಸಿರುವ, ಕಾರು ರೇಸುಗಳ ಜಾಗತಿಕ ಆಡಳಿತ ನೋಡಿಕೊಳ್ಳುವ ಎಫ್‌ಐಎ ಸಂಸ್ಥೆ ಫಾರ್ಮುಲಾ ಒನ್, ವಿಶ್ವ ರ‍್ಯಾಲಿ, ಲೆ ಮಾನ್ಸ್ ಒಳಗೊಂಡ ವಿಶ್ವ ಎಂಡ್ಯೂರೆನ್ಸ್, ವಿದ್ಯುತ್ ಕಾರುಗಳ ಫಾರ್ಮುಲಾ ಇ, ಡಕಾರ್ ಒಳಗೊಂಡ ರ‍್ಯಾಲಿ ರೇಡ್ ಇವಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನ ಮಾನ್ಯತೆ ಕೊಟ್ಟಿದೆ. ಬೈಕುಗಳದ್ದು ಎಫ್‌ಐಎಂ ಎಂಬ ಬೇರೆ ಸಂಸ್ಥೆ. ನಾಸ್ಕಾರ್ ಮತ್ತು ಇಂಡಿಯಾನಾಪೊಲಿಸ್ 500 ಒಳಗೊಂಡ ಇಂಡಿಕಾರ್‌ಗಳು ಎಷ್ಟೇ ಪ್ರಸಿದ್ಧವಾದರೂ ಅಮೆರಿಕದ ಸರಣಿಗಳೇ. ಹಣ, ಪ್ರೇಕ್ಷಕರು, ತಂತ್ರಜ್ಞಾನದ ವೇಗ ಇವುಗಳಿಂದ ಅಳೆದರೆ ಫಾರ್ಮುಲಾ ಒನ್ ಮುಂದಿದೆ. ಆದರೆ ಚಾಲಕನ ಕೌಶಲದ ಅಳತೆ ಅಷ್ಟು ಸುಲಭವಲ್ಲ. ಮೊನಾಕೊ ಗ್ರಾನ್ ಪ್ರೀ, ಇಂಡಿಯಾನಾಪೊಲಿಸ್ 500, ಲೆ ಮಾನ್ಸ್ ಮೂರನ್ನೂ ಗೆದ್ದವರು ಇದುವರೆಗೆ ಒಬ್ಬರೇ, ಇಂಗ್ಲೆಂಡಿನ ಗ್ರಹಾಂ ಹಿಲ್. ಮೂರನೆಯದಾದ ಲೆ ಮಾನ್ಸ್ ಅವರಿಗೆ ಒಲಿದದ್ದು 1972ರಲ್ಲಿ. ಸತತ ಒಂಬತ್ತು ಬಾರಿ, 2004ರಿಂದ 2012ರವರೆಗೆ, ರ‍್ಯಾಲಿ ಚಾಂಪಿಯನ್ ಆದ ಸೆಬಾಸ್ಟಿಯನ್ ಲೋಬ್ ಅವರನ್ನು ಯಾವ ಗ್ರಾನ್ ಪ್ರೀ ಚಾಲಕನಿಗಿಂತ ಕಡಿಮೆ ಎನ್ನಲು ನಾನಂತೂ ಸಿದ್ಧನಿಲ್ಲ.

ಭಾರತೀಯರ ವಿಷಯ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿ ಅದೇ ವರ್ಷ ಅಮೆರಿಕದ ಗ್ರಾನ್ ಪ್ರೀಯಲ್ಲಿ ನಾಲ್ಕನೆಯವರಾದರು. ಆ ಫಲಿತಾಂಶದ ಹಿಂದಿನ ಕಥೆ ನಿಮ್ಮ ಪ್ರಶ್ನೆಗೂ ಸಂಬಂಧಿಸಿದ್ದು: ರೇಸು ನಡೆದದ್ದು ಇಂಡಿಯಾನಾಪೊಲಿಸ್‌ನಲ್ಲಿ, ಅದರ ಸುತ್ತಿನ ಒಂದು ಭಾಗ ಅಂಡಾಕಾರದ ಟ್ರ್ಯಾಕ್‌ನ ವಾಲು ತಿರುವಿನ ಮೇಲೆ ಹೋಗುತ್ತಿತ್ತು. ಆ ತಿರುವಿನ ಒತ್ತಡವನ್ನು ಮಿಶೆಲಿನ್ ಟೈರುಗಳು ತಾಳಲಾರವೆಂದು ಗೊತ್ತಾಗಿ, 20 ಕಾರುಗಳಲ್ಲಿ 14 ಕಾರುಗಳು ರೇಸಿಗೆ ಮುಂಚಿನ ಸುತ್ತು ಮುಗಿಸಿ ಪಿಟ್‌ಗೆ ಮರಳಿದವು. ಓಡಿದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು. ಒಂದು ನೆಲಕ್ಕೆ ತಕ್ಕ ರೇಸನ್ನು ಇನ್ನೊಂದು ನೆಲದ ಮೇಲೆ ಓಡಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2010ರಲ್ಲಿ ಕರುಣ್ ಚಂಡೋಕ್ ಬಂದರು. 2011ರಿಂದ 2013ರವರೆಗೆ ದೆಹಲಿ ಬಳಿಯ ಬುದ್ಧ ಸರ್ಕ್ಯೂಟಿನಲ್ಲಿ ಗ್ರಾನ್ ಪ್ರೀ ನಡೆಯಿತು. ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದರು.

ಆದರೆ ಭಾರತೀಯ ಮೂಲದವರ ಅತಿ ದೊಡ್ಡ ಸಾಧನೆ ಇದಕ್ಕಿಂತ ಹಳೆಯದು, ರ‍್ಯಾಲಿಯದ್ದು. 1953ರಲ್ಲಿ ಪೂರ್ವ ಆಫ್ರಿಕಾದಲ್ಲಿ ಶುರುವಾದ ಸಫಾರಿ ರ‍್ಯಾಲಿ ದಶಕಗಳ ಕಾಲ ಜಗತ್ತಿನ ಅತಿ ಕಠಿಣ ರ‍್ಯಾಲಿಗಳಲ್ಲಿ ಒಂದೆನಿಸಿತ್ತು; ಮಳೆ ಬಂದರೆ ಮೊಣಕಾಲುದ್ದ ಕೆಸರು, ಬಾರದಿದ್ದರೆ ಧೂಳು, ನಡುವೆ ಕಾಡುಪ್ರಾಣಿ. ಕೀನ್ಯಾದಲ್ಲಿ ಹುಟ್ಟಿದ ಸಿಖ್ ಚಾಲಕ ಜೋಗಿಂದರ್ ಸಿಂಗ್ ಅದನ್ನು 1965ರಲ್ಲಿ ವೋಲ್ವೊ ಕಾರಿನಲ್ಲಿ, 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಗೆದ್ದರು. ಉಗಾಂಡಾದಲ್ಲಿ ಹುಟ್ಟಿ ಕೀನ್ಯಾದಲ್ಲಿ ನೆಲೆಸಿದ ಶೇಖರ್ ಮೆಹ್ತಾ 1973ರಲ್ಲಿ ಒಮ್ಮೆ, ಮತ್ತೆ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ, ಒಟ್ಟು ಐದು ಸಲ ಗೆದ್ದರು. ಅವರು ಸ್ಪರ್ಧಿಸಿದ್ದು ಆಫ್ರಿಕಾದ ಪ್ರಜೆಗಳಾಗಿ ಎಂಬುದು ನಿಜ. ಅಷ್ಟರಿಂದಲೇ ನಮ್ಮಲ್ಲಿ ಅವರ ಹೆಸರು ಮರೆತುಹೋಗಿರುವುದು ಸರಿಯಲ್ಲ. ಭಾರತದೊಳಗಿನಿಂದ ಹೋದವರಲ್ಲಿ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರು, ಬೈಕುಗಳ ವಿಭಾಗದಲ್ಲಿ 36ನೆಯ ಸ್ಥಾನ. ಬೆಂಗಳೂರಿನವರೇ ಆದ ಅರ್ಜುನ್ ಮೈನಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ದಾಟಿ ಜರ್ಮನಿಯ ಡಿಟಿಎಂ ಎಂಬ ಕಾರು ರೇಸು ಸರಣಿಯಲ್ಲಿ ಓಡಿಸುತ್ತ ಬಂದಿದ್ದಾರೆ; ಅವರ ತಮ್ಮ ಕುಶ್ ಮೈನಿ ಫಾರ್ಮುಲಾ ಟು ರೇಸುಗಳನ್ನು ಗೆದ್ದಿದ್ದಾರೆ. 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ಒಂದೆರಡು ದಿನಗಳಲ್ಲಿ ಮುಗಿಯುವ ಮರಳುಗಾಡು ಮತ್ತು ಕಾಡುದಾರಿಯ ಬಾಹಾ ರೇಸುಗಳಲ್ಲಿ ಎಫ್‌ಐಎಂ ಮಹಿಳಾ ವಿಶ್ವ ಕಪ್ ಗೆದ್ದರು. ಮೋಟಾರು ಕ್ರೀಡೆಯಲ್ಲಿ ಭಾರತಕ್ಕೆ ಬಂದ ಮೊದಲ ವಿಶ್ವ ಮಟ್ಟದ ಪ್ರಶಸ್ತಿ ಅದು.

ಫಾರ್ಮುಲಾ ಒನ್‌ನಿಂದಾಚೆಗೆ ನೋಡಲು ನೀವು ಎಲ್ಲಿಂದ ಶುರುಮಾಡಬೇಕೆಂದರೆ, ನಾನು ಜೂನ್ ತಿಂಗಳ ಲೆ ಮಾನ್ಸ್ ಅನ್ನು ಸೂಚಿಸುತ್ತೇನೆ. ಅದು ಸಾಮಾನ್ಯವಾಗಿ ಅಲ್ಲಿಯ ಶನಿವಾರ ಸಂಜೆ ನಾಲ್ಕಕ್ಕೆ, ನಮ್ಮ ಗಡಿಯಾರದಲ್ಲಿ ಏಳೂವರೆಗೆ ಶುರುವಾಗುತ್ತದೆ. 24 ಗಂಟೆಯೂ ಕೂರಬೇಕಾಗಿಲ್ಲ. ಮೊದಲ ಒಂದು ಗಂಟೆ ನೋಡಿ ಮಲಗಿ. ಬೆಳಗಿನ ಜಾವ ಎದ್ದಾಗ ಅಲ್ಲಿ ಇನ್ನೂ ನಡುರಾತ್ರಿ ಕಳೆದ ಹೊತ್ತಾಗಿರುತ್ತದೆ, ಯಾವ ಕಾರು ಉಳಿದಿದೆ, ಯಾವುದು ಗ್ಯಾರೇಜು ಸೇರಿದೆ ಎಂದು ನೋಡಿಕೊಂಡರೆ ಸಾಕು. ಪರದೆಯ ಬದಿಯಲ್ಲಿ ಕಾಣುವ ಪಟ್ಟಿಯಲ್ಲಿ ಅತಿ ವೇಗದ ಹೈಪರ್‌ಕಾರ್, ಅದಕ್ಕಿಂತ ಸ್ವಲ್ಪ ನಿಧಾನದ ಎಲ್‌ಎಂಪಿ2 ಮತ್ತು ರಸ್ತೆಯ ಕಾರಿನಿಂದ ರೂಪಿಸಿದ ಜಿಟಿ ಎಂಬ ಮೂರು ವಿಭಾಗಗಳು ಒಟ್ಟಿಗೆ ಓಡುತ್ತಿರುತ್ತವೆ. ವೇಗದ ಕಾರು ನಿಧಾನದ್ದನ್ನು ದಾಟುವುದು ಸ್ಥಾನಕ್ಕಾಗಿ ಅಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಕುಳಿತರೆ, ಫಾರ್ಮುಲಾ ಒನ್ ನೋಡಿ ಬಂದವರಿಗೆ ಆಗುವ ಮೊದಲ ಗಲಿಬಿಲಿ ನಿಮಗೆ ಆಗುವುದಿಲ್ಲ.